ವರಾಹ ರೂಪಂ: ಒಂದು ಹಾಡಿಗೆ ಎಷ್ಟು ಕಿವಿ

2022ರ ನವೆಂಬರ್ 24ರಂದು ‘ಕಾಂತಾರ’ ಸಿನಿಮಾ ಅಮೆಜಾನ್ ಪ್ರೈಮ್‌ಗೆ ಬಂತು. ಥಿಯೇಟರಿನಲ್ಲಿ ಆಗಲೇ ನೋಡಿದವರೂ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮತ್ತೆ ನೋಡಿದರು. ಕೊನೆಯ ದೈವದ ಕೋಲದ ದೃಶ್ಯ ಬಂತು, ಹಾಡು ಶುರುವಾಯಿತು, ಕೇಳುತ್ತಿದ್ದವರು ಮುಖ ಮುಖ ನೋಡಿಕೊಂಡರು. ಸಾಹಿತ್ಯ ಅದೇ, ನಟ ಅವನೇ, ಕುಣಿತ ಅದೇ. ಹಾಡಿನ ಧಾಟಿ ಮಾತ್ರ ಬೇರೆ. ಎರಡು ತಿಂಗಳಿನಿಂದ ಕಿವಿಯಲ್ಲಿ ಕೂತಿದ್ದ ‘ವರಾಹ ರೂಪಂ’ ಅದಾಗಿರಲಿಲ್ಲ. ಕೇರಳದ ನ್ಯಾಯಾಲಯಗಳ ತಡೆಯಾಜ್ಞೆಯ ಕಾರಣ ನಿರ್ಮಾಪಕರು ಮೂಲ ಹಾಡನ್ನು ತೆಗೆದು ಹೊಸ ಧಾಟಿಯದನ್ನು ಕೂರಿಸಿದ್ದರು. ಅವತ್ತೇ ದೂರು ಶುರುವಾಯಿತು: ಮೊದಲಿನದನ್ನು ಹಾಕಿ, ಇದು ಏರುವುದೇ ಇಲ್ಲ.

ಒಂದು ಹಾಡಿನ ಬಲ ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಚೊಕ್ಕ ಪರೀಕ್ಷೆಯನ್ನು ಯಾರೂ ಬೇಕೆಂದು ಏರ್ಪಡಿಸಲಾರರು. ದೃಶ್ಯ ಹಾಗೇ ಇಟ್ಟು, ಮಾತು ಹಾಗೇ ಇಟ್ಟು, ಸಂಗೀತವನ್ನಷ್ಟೇ ಬದಲಿಸಿ ಲಕ್ಷಾಂತರ ಜನರಿಗೆ ಕೇಳಿಸುವುದು ಕನ್ನಡ ಸಿನಿಮಾದಲ್ಲಿ ಹಿಂದೆ ಆದಂತೆ ಕಾಣೆ. ಈ ಹಾಡಿನ ಬಗ್ಗೆ ಕೇಳುಗರು ಆಡಿದ, ಒಂದಕ್ಕೊಂದು ತಾಳೆಯಾಗದ ಮಾತುಗಳನ್ನೆಲ್ಲ ಆ ಬದಲಿ ಹಾಡನ್ನು ಪಕ್ಕದಲ್ಲಿಟ್ಟುಕೊಂಡೇ ತೂಗಬೇಕು.

ಕುಂದಾಪುರ ತಾಲೂಕಿನ ಹಾಲಾಡಿ ಕಡೆ ಈ ಚರ್ಚೆಗೆ ಬೇರೆಯದೇ ಬಿಸಿ ಇತ್ತು. ನಿರ್ದೇಶಕ, ನಾಯಕ ರಿಷಬ್ ಶೆಟ್ಟಿಯವರ ಹುಟ್ಟೂರು ಕೆರಾಡಿಯೂ ಇದೇ ತಾಲೂಕಿನದು. ಸಿನಿಮಾದ ಚಿತ್ರೀಕರಣವೂ ಬಹುಪಾಲು ಅಲ್ಲಿಯೇ. ಆ ಕಾಡು, ಆ ಗದ್ದೆ, ಕಂಬಳದ ಆ ಕೆಸರು ವಾರಾಹಿ ಹೊಳೆಯ ಆಚೀಚೆಯವರಿಗೆ ಹೊಸತೇನಲ್ಲ. ಊರಿನವರ ಸಿನಿಮಾ ಎಂದಮೇಲೆ ಅದರ ಹಾಡಿನ ಮೇಲೆ ಆಪಾದನೆ ಬಂದರೆ ವಾದಿಸುವವರು ಬರೀ ಕೇಳುಗರಾಗಿ ಉಳಿಯುವುದಿಲ್ಲ, ಅರ್ಧ ವಕೀಲರೂ ಆಗುತ್ತಾರೆ. ಇನ್ನೊಂದು ಕಾರಣ ಇಲ್ಲಿನ ಕಿವಿ. ಇದು ಆಟದ, ಅಂದರೆ ಯಕ್ಷಗಾನದ ಸೀಮೆ. ಹಾಲಾಡಿ ಹೆಸರಿನದೇ ಮೇಳವಿದೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳಗಳ ಹರಕೆ ಆಟ ನೋಡುತ್ತ ಬೆಳೆದವರಿಗೆ ಭಾಗವತರ ಪದ್ಯ ಏರಿತೋ ಇಲ್ಲವೋ ಎಂದು ಹೇಳಲು ಸಂಗೀತ ಶಾಲೆಯ ಸರ್ಟಿಫಿಕೇಟು ಬೇಡ. ಮನೆಮನೆಯ ಹತ್ತಿರ ಹಾಯ್ಗುಳಿಯೋ ಚಿಕ್ಕುವೋ ಒಂದು ದೈವ ಇರುವ ಊರುಗಳಲ್ಲಿ ದೈವದ ಹೆಸರಿನ ಹಾಡೆಂದರೆ ಪಾಸ್ ಮಾರ್ಕು ಸುಲಭವಾಗಿ ಸಿಗುವುದೂ ಇಲ್ಲ.

ಹಾಡಿನ ಕಟ್ಟು ಹೀಗಿದೆ. ಸಂಗೀತ ಭದ್ರಾವತಿ ಮೂಲದ ಬಿ. ಅಜನೀಶ್ ಲೋಕನಾಥ್ ಅವರದು, ಸಾಹಿತ್ಯ ಶಶಿರಾಜ್ ಕಾವೂರು ಅವರದು, ಹಾಡಿದವರು ಕರ್ನಾಟಕ ಸಂಗೀತದ ತಾಲೀಮು ಇರುವ ಸಾಯಿ ವಿಘ್ನೇಶ್. ಮೇಲೆ ನಾಗಸ್ವರ ಮತ್ತು ಶಾಸ್ತ್ರೀಯ ಕಂಠ. ಕೆಳಗೆ ರಾಕ್ ಬ್ಯಾಂಡಿನ ಡ್ರಮ್ಸು, ಡಿಸ್ಟಾರ್ಷನ್ ಹಾಕಿದ ಗಿಟಾರು. ಈ ಗಿಟಾರ್ ರಾಗ ನುಡಿಸುವುದಿಲ್ಲ. ತಂತಿಯ ಮೇಲೆ ಅಂಗೈ ಒತ್ತಿ ಹಿಡಿದು ಕಡಿದು ಕಡಿದು ನುಡಿಸುವ ಪೆಟ್ಟು ಅದು. ಕೇಳಿದರೆ ಚರ್ಮವಾದ್ಯದ ಕೆಲಸವನ್ನೇ ತಂತಿವಾದ್ಯ ಮಾಡುತ್ತಿದೆ ಅನ್ನಿಸುತ್ತದೆ. ಪಡ್ಡೆ ಹುಡುಗರು ಹಾಡಿಗೆ ಮರುಳಾದದ್ದು ಇಲ್ಲಿ. ಈ ನಾಡಿನ ಹೊರಗೆ ಪವರ್ ಪಾಪ್, ರಾಕ್, ಮೆಟಲ್ ಎಂದು ಹೆಸರು ಹಂಚಿಕೊಂಡು ಬೆಳೆದ ಗಿಟಾರ್ ಸಂಗೀತಗಳ ಗುಟ್ಟೆಲ್ಲ ಈ ಪೆಟ್ಟು ಮತ್ತು ಅದರ ಮೇಲೆ ತೇಲುವ, ಎಲ್ಲರೂ ಗುನುಗಬಹುದಾದ ಧಾಟಿಯ ನಡುವಿನ ಸಂಬಂಧದಲ್ಲಿದೆ. ಕನ್ನಡದಲ್ಲೂ ಗಿಟಾರ್ ಹೊಸತಲ್ಲ. ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ತಂದಾಗ ಸಿ. ಅಶ್ವಥ್ ಅವರ ಧಾಟಿಗೆ ಒಗ್ಗಿದ್ದ ಕಿವಿಗಳು ಮೂಗು ಮುರಿದಿದ್ದವು. ಅಜನೀಶ್ ಅವರೇ 2014ರ ‘ಉಳಿದವರು ಕಂಡಂತೆ’ಗೂ, ರಿಷಬ್ ನಿರ್ದೇಶನದ 2016ರ ‘ಕಿರಿಕ್ ಪಾರ್ಟಿ’ಗೂ ಸಂಗೀತ ಕೊಟ್ಟವರು. ಆದರೆ ಅವು ಯಾವುವೂ ದೈವದ ಕೋಲದ ಮುಂದೆ ಗಿಟಾರ್ ಹಿಡಿದು ನಿಂತಿರಲಿಲ್ಲ.

ಸಿನಿಮಾ 2022ರ ಸೆಪ್ಟೆಂಬರ್ 30ಕ್ಕೆ ತೆರೆಕಂಡಿತು. ಅಕ್ಟೋಬರ್ ಮುಗಿಯುವುದರೊಳಗೆ ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್, ಇದು ನಮ್ಮ ‘ನವರಸಂ’ ಹಾಡಿನ ನಕಲು ಎಂದು ಬಹಿರಂಗವಾಗಿ ಹೇಳಿತು. 2013ರಲ್ಲಿ ಗೋವಿಂದ್ ವಸಂತ, ಸಿದ್ಧಾರ್ಥ್ ಮೆನನ್ ಮೊದಲಾದವರು ಕಟ್ಟಿದ ಬ್ಯಾಂಡ್ ಅದು. ‘ನವರಸಂ’ ಅವರ ಅದೇ ಹೆಸರಿನ ಆಲ್ಬಮ್ಮಿನದು. ಕಥಕ್ಕಳಿಯ ಲೋಕವನ್ನು ಭಾರದ ಗಿಟಾರಿನ ಮೇಲೆ ಕೂರಿಸಿದ ಹಾಡು. ನಂತರದ್ದು ಕೋರ್ಟಿನ ಕಥೆ, ಚುಟುಕಾಗಿ ಹೇಳಿದರೆ ಸಾಕು. ಬ್ಯಾಂಡಿನ ಅನುಮತಿಯಿಲ್ಲದೆ ಹಾಡು ಬಳಸಬಾರದೆಂದು ಕೋಯಿಕ್ಕೋಡ್ ಜಿಲ್ಲಾ ನ್ಯಾಯಾಲಯ ತಡೆ ಕೊಟ್ಟಿತು, ಪಾಲಕ್ಕಾಡಿನಿಂದಲೂ ತಡೆ ಬಂತು, ಯೂಟ್ಯೂಬಿನಿಂದ ಹಾಡು ಮಾಯವಾಯಿತು. ನವೆಂಬರ್ ಕೊನೆಗೆ ಕೋಯಿಕ್ಕೋಡ್ ನ್ಯಾಯಾಲಯ ಇದು ತನ್ನ ವ್ಯಾಪ್ತಿಯದಲ್ಲವೆಂದು ದಾವೆ ಹಿಂದಿರುಗಿಸಿತು. ಡಿಸೆಂಬರಿನಲ್ಲಿ ಪಾಲಕ್ಕಾಡಿನ ತಡೆಯೂ ತೆರವಾಗಿ ಮೂಲ ಹಾಡು ಮರಳಿತು. 2023ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟು ನಿರ್ಮಾಪಕ, ನಿರ್ದೇಶಕರಿಗೆ ನಿರೀಕ್ಷಣಾ ಜಾಮೀನು ಕೊಡುವಾಗ ಹಾಡಿಲ್ಲದೆ ಸಿನಿಮಾ ತೋರಿಸಬೇಕೆಂಬ ಷರತ್ತು ಹಾಕಿತು, ಅದೇ ತಿಂಗಳು ಸುಪ್ರೀಂ ಕೋರ್ಟು ಆ ಷರತ್ತನ್ನು ತಡೆಹಿಡಿಯಿತು.

ಇನ್ನು ಕೇಳುಗರು. ಎರಡೂ ಹಾಡನ್ನು ಒಂದರ ಹಿಂದೆ ಒಂದು ಹಾಕಿ ಕೇಳಿದ ಹತ್ತು ಜನರಲ್ಲಿ ಎಲ್ಲರೂ ಒಂದು ಮಾತು ಒಪ್ಪುತ್ತಾರೆ: ಸಾಮ್ಯ ಇದೆ. ಅಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ. ಗಿಟಾರ್ ಬಲ್ಲ ಹುಡುಗರಲ್ಲಿ ಹಲವರು, ಪೆಟ್ಟಿನ ನಡೆ, ಗಿಟಾರ್ ಒಳಗೆ ಬರುವ ಜಾಗ, ಸ್ವರ ಏರುವ ರೀತಿ ಇಷ್ಟೂ ಒಂದೇ ಕಡೆ ಕೂಡುವುದು ಕಾಕತಾಳೀಯ ಆಗಲಾರದು ಎನ್ನುತ್ತಾರೆ. ಕರ್ನಾಟಕ ಸಂಗೀತ ಕಲಿತವರಲ್ಲಿ ಹಲವರು, ರಾಗ ಒಂದೇ ಆದಾಗ ಹೀಗೆ ಅನ್ನಿಸುವುದು ಸಹಜ ಎಂದು ಪಕ್ಕಕ್ಕೆ ಸರಿಸುತ್ತಾರೆ. ಅಜನೀಶ್ ಅವರ ಕಡೆಯ ವಾದವೂ ಇದೇ ಆಗಿತ್ತು: ತೋಡಿ, ವರಾಳಿ, ಮುಖಾರಿ ರಾಗಗಳ ಛಾಯೆ ಮತ್ತು ರಾಕ್ ಶೈಲಿ ಸೇರಿದ್ದರಿಂದ ಹತ್ತಿರ ಅನ್ನಿಸುತ್ತದೆ, ಸಂಯೋಜನೆ ಬೇರೆ.

ಈ ವಾದವನ್ನು ನುಣುಚಿಕೊಳ್ಳುವ ಮಾತೆಂದು ತಳ್ಳಿಹಾಕಿದವರು ಅವಸರ ಮಾಡಿದರು. ಅದರಲ್ಲಿ ಗಟ್ಟಿ ಕಾಳಿದೆ. ಎಂಟನೇ ಮೇಳಕರ್ತವಾದ ಹನುಮತೋಡಿಯ ಸ್ವರಗಳನ್ನು ಹಾಗೇ ಪಾಶ್ಚಾತ್ಯ ಲೆಕ್ಕಕ್ಕೆ ಇಳಿಸಿದರೆ ಸಿಗುವುದು ಫ್ರಿಜಿಯನ್ ಎಂಬ ಸ್ವರಶ್ರೇಣಿ. ಷಡ್ಜಕ್ಕೆ ಅಂಟಿಕೊಂಡಂತಿರುವ ಶುದ್ಧ ರಿಷಭದಿಂದ ಹುಟ್ಟುವ ಅದರ ಬಿಗುವು, ಭಯ ಮೆಟಲ್ ಗಿಟಾರಿಸ್ಟುಗಳಿಗೆ ಬಲು ಪ್ರೀತಿಯದು. ಇನ್ನು ಭಾರದ ಗಿಟಾರಿನಲ್ಲಿ ಹೆಚ್ಚಾಗಿ ನುಡಿಸುವ ಪವರ್ ಕಾರ್ಡಿನಲ್ಲಿ ಇರುವುದು ಎರಡೇ ಸ್ವರ, ಆಧಾರ ಸ್ವರ ಮತ್ತು ಅದರ ಪಂಚಮ. ಗಾಂಧಾರ ಇಲ್ಲ. ತಂಬೂರಿಯ ತಂತಿಗಳಲ್ಲಿ ಮೊಳಗುವುದೂ ಹೆಚ್ಚು ಕಡಿಮೆ ಇದೇ. ಹಾಗಾಗಿ ಮೇಲೆ ನಾಗಸ್ವರ ತೋಡಿಯ ಗಾಂಧಾರವನ್ನು ಎಷ್ಟು ಬೇಕಾದರೂ ತೂಗಲಿ, ಕೆಳಗಿನ ಗಿಟಾರ್ ಅದಕ್ಕೆ ಅಡ್ಡ ಬರುವುದಿಲ್ಲ. ತೋಡಿಗೂ ನಾಗಸ್ವರಕ್ಕೂ ಇರುವ ನಂಟು ಹಳೆಯದು; ಟಿ.ಎನ್. ರಾಜರತ್ನಂ ಪಿಳ್ಳೈ ಅವರ ತೋಡಿಯನ್ನು ಕಲಿತವರು ಇವತ್ತಿಗೂ ನೆನೆಯುತ್ತಾರೆ. ಅಂದರೆ ದಕ್ಷಿಣದ ಯಾವನಾದರೂ ಒಬ್ಬ ಸಂಗೀತಗಾರ, ರೌದ್ರವೂ ಭಕ್ತಿಯೂ ಒಟ್ಟಿಗೆ ಬೇಕೆಂದು ಗಿಟಾರನ್ನೂ ಕರ್ನಾಟಕ ಸಂಗೀತವನ್ನೂ ಜೋಡಿಸಲು ಹೊರಟರೆ ಅವನ ಕೈ ತೋಡಿಯ ಸುತ್ತಮುತ್ತ ಹೋಗಿ ನಿಲ್ಲುವುದು ಆಶ್ಚರ್ಯವಲ್ಲ.

ಆದರೆ ಈ ವಾದ ಹಾಡನ್ನು ಪೂರ್ತಿ ದಡ ಸೇರಿಸುವುದಿಲ್ಲ. ರಾಗ ಯಾರ ಸೊತ್ತೂ ಅಲ್ಲ, ನಿಜ. ಕೇಳುಗ ಎರಡು ಹಾಡುಗಳ ನಡುವೆ ಗುರುತಿಸಿದ್ದು ರಾಗವನ್ನಲ್ಲ, ರಾಗವನ್ನು ಕೂರಿಸಿದ ರೀತಿಯನ್ನು. ತೋಡಿಯಲ್ಲಿ ಸಾವಿರ ಕೀರ್ತನೆಗಳಿದ್ದರೂ ಯಾರೂ ಒಂದನ್ನು ಕೇಳಿ ಇನ್ನೊಂದರ ಮೇಲೆ ಕೇಸು ಹಾಕುವುದಿಲ್ಲ.

ಲೋಕದಲ್ಲಿ ಈ ಜಗಳಕ್ಕೆ ಹಳೆಯ ಅಣ್ಣನೊಬ್ಬನಿದ್ದಾನೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1970ರಲ್ಲಿ ‘ಮೈ ಸ್ವೀಟ್ ಲಾರ್ಡ್’ ಹಾಡಿದರು. ಅದೂ ಗಿಟಾರಿನ ಹಾಡು, ಅದೂ ಭಕ್ತಿಯ ಹಾಡು. ಹಿನ್ನೆಲೆಯಲ್ಲಿ ಹರಿನಾಮ ಬೇರೆ. ಪವರ್ ಪಾಪ್‌ನ ಮೊದಲಿಗರಲ್ಲಿ ಎಣಿಸುವ ಬ್ಯಾಡ್‌ಫಿಂಗರ್ ತಂಡದವರು ಅದಕ್ಕೆ ಗಿಟಾರ್ ನುಡಿಸಿದ್ದರು. ‘ಹಿ ಈಸ್ ಸೋ ಫೈನ್’ ಎಂಬ 1963ರ ಹಾಡನ್ನು ಅದು ಹೋಲುತ್ತದೆಂದು ದಾವೆ ಬಿತ್ತು, 1976ರಲ್ಲಿ ಅಮೆರಿಕದ ನ್ಯಾಯಾಧೀಶರು ಬೇಕೆಂದು ಕದ್ದದ್ದಲ್ಲ, ಅರಿವಿಲ್ಲದೆ ಒಳಗಿನಿಂದ ಬಂದಿದೆ, ಆದರೂ ಹಕ್ಕಿನ ಉಲ್ಲಂಘನೆ ಎಂದು ತೀರ್ಪು ಕೊಟ್ಟರು. ಒಂದು ಸಲ ಕಿವಿಗೆ ಬಿದ್ದ ಹಾಡು ಮನಸ್ಸಿನ ಯಾವ ಮೂಲೆಯಲ್ಲಿ ಕೂತು ಯಾವಾಗ ಎದ್ದು ಬರುತ್ತದೆಂದು ಹಾಡು ಕಟ್ಟುವವನಿಗೇ ತಿಳಿಯುವುದಿಲ್ಲ. ಹ್ಯಾರಿಸನ್ ಹಾಡನ್ನು ಜನ ಕೇಳುವುದನ್ನು ಮಾತ್ರ ಬಿಡಲಿಲ್ಲ.

ಹಾಲಾಡಿ ಕಡೆಯ ಹಿರಿಯರ ತಕರಾರಿನ ದಿಕ್ಕು ಬೇರೆ. ಅವರಲ್ಲಿ ಹೆಚ್ಚಿನವರು ‘ನವರಸಂ’ ಕೇಳಿದವರಲ್ಲ. ನಕಲೋ ಅಸಲೋ ಅವರಿಗೆ ಬೇಕಿಲ್ಲ. ಗಿಟಾರಿನ ಅಬ್ಬರದಲ್ಲಿ ಸಾಹಿತ್ಯವೇ ಕೇಳುವುದಿಲ್ಲ ಎಂಬುದು ಅವರ ದೂರು. ಪದ್ಯದ ಅಕ್ಷರ ಅಕ್ಷರ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಕೇಳಬೇಕೆಂದು ಬಯಸುವ ಆಟದ ಪ್ರೇಕ್ಷಕರ ಮಾತು ಇದು. ಇಂಥ ಜಗಳ ಈ ಸೀಮೆಯಲ್ಲಿ ಹಿಂದೆಯೂ ಆಗಿದೆ. ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದಾಗ ಸಂಪ್ರದಾಯದವರು ಸಿಡಿಮಿಡಿಗೊಂಡರು. ನಾರ್ಣಪ್ಪ ಉಪ್ಪೂರರ ಶಿಷ್ಯ ಗುಂಡ್ಮಿ ಕಾಳಿಂಗ ನಾವಡರು ಹೊಸ ರಾಗ, ಹೊಸ ಬಳುಕು ತಂದಾಗ ಇದು ಭಾಗವತಿಕೆಯೇ ಅಲ್ಲ ಎಂದವರೂ ಇದ್ದರು, ಅದಕ್ಕಾಗಿಯೇ ಮೈಲಿಗಟ್ಟಲೆ ನಡೆದು ಹೋಗಿ ಆಟ ನೋಡಿದವರೂ ಇದ್ದರು. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತೆರಡರ ಆಸುಪಾಸು. ಇವತ್ತು ನಾವಡರ ಶೈಲಿಯನ್ನೇ ಮುಂದಿಟ್ಟು ಈಗಿನವರನ್ನು ಬೈಯುವವರಿದ್ದಾರೆ. ಹಾಗಾಗಿ ‘ನಮ್ಮ ಸಂಪ್ರದಾಯ ಇದಲ್ಲ’ ಎಂಬ ಮಾತು ಕೇಳಿದಾಗ ಯಾವ ವರ್ಷದ ಸಂಪ್ರದಾಯ ಎಂದು ಕೇಳುವುದು ಒಳ್ಳೆಯದು.

ಕಿವಿಯ ಜೊತೆಗೆ ಸಾಧನದ್ದೂ ಒಂದು ಪಾಲಿದೆ. ಡಿಸ್ಟಾರ್ಷನ್ ಗಿಟಾರಿನ ಮೈ ಇರುವುದು ಕೆಳಸ್ಥಾಯಿಯಲ್ಲಿ. ಥಿಯೇಟರಿನಲ್ಲಿ ಅದು ಎದೆಗೆ ತಾಗಿತು. ಅಂಗೈ ಅಗಲದ ಮೊಬೈಲ್ ಸ್ಪೀಕರಿನಲ್ಲಿ ಅದೇ ಗಿಟಾರ್ ಬರೀ ಕರಕರ, ಕಂಠ ಮತ್ತು ನಾಗಸ್ವರ ಮಾತ್ರ ಮುಂದೆ. ಹಬ್ಬದ ಮೈಕ್‌ಸೆಟ್ಟಿನಲ್ಲಿ ಎಲ್ಲವೂ ಗದ್ದಲ. ಅರ್ಧಕ್ಕರ್ಧ ಭಿನ್ನಾಭಿಪ್ರಾಯ ಸ್ಪೀಕರುಗಳ ನಡುವಿನದು ಎಂದರೆ ತಮಾಷೆಯಾಗಿ ಕಾಣಬಹುದು, ನಾನು ತಮಾಷೆಗೆ ಹೇಳುತ್ತಿಲ್ಲ.

ಇವೆಲ್ಲಕ್ಕಿಂತ ಆಳದ ತಕರಾರು ದೈವದ್ದು. ಕೋಲದ ಸದ್ದು ಹೇಗಿರುತ್ತದೆಂದು ಇಲ್ಲಿನವರಿಗೆ ಗೊತ್ತು. ತುಳು ಸೀಮೆಯಲ್ಲಿ ತೆಂಬರೆ ವಾದ್ಯದ ಜೊತೆ ದೈವದ ಕಥೆ ಹಾಡುವ ಪಾಡ್ದನ, ಡೋಲು, ನಾಗಸ್ವರ. ಕುಂದಾಪುರದ ಕನ್ನಡ ಸೀಮೆಯಲ್ಲಿ ಪಾಣಾರರು ಕಟ್ಟುವ ಕೋಲ, ಅದರದೇ ವಾದ್ಯ, ಅದರದೇ ನುಡಿ. ಹಾಡಿನ ಭಾಷೆಯೋ ಸಂಸ್ಕೃತ ತುಂಬಿದ ಕನ್ನಡ, ಸ್ತೋತ್ರದ ಗತ್ತಿನದು. ಸಿನಿಮಾದ ದೈವ ಪಂಜುರ್ಲಿಯ ಪಾಡ್ದನದ ಒಂದು ಪಾಠ ಹೇಳುವಂತೆ ಅದು ಈಶ್ವರನ ಹೂದೋಟ ಹಾಳುಮಾಡಿ, ಅವನ ಸಿಟ್ಟಿಗೆ ಸಿಕ್ಕಿ, ಭೂಮಿಗೆ ಇಳಿದು ಬಂದ ಹಂದಿ. ಹಾಡಿನ ಹೆಸರು ಕೈಮಾಡಿ ತೋರಿಸುವುದು ವಿಷ್ಣುವಿನ ಅವತಾರದ ಕಡೆ. ಪಾಡ್ದನದ ಹಂದಿಗೆ ಪುರಾಣದ ಜನಿವಾರ ಹಾಕಿದ್ದೇಕೆ ಎಂದು ಕೇಳಿದವರಿದ್ದಾರೆ; ದೈವಕ್ಕೂ ದೇವರಿಗೂ ಗೋಡೆ ಕಟ್ಟುವವರು ನೀವು ಯಾರು ಎಂದು ತಿರುಗಿ ಕೇಳಿದವರೂ ಇದ್ದಾರೆ. ಭೂತಕೋಲ ಹಿಂದೂ ಸಂಸ್ಕೃತಿಯ ಭಾಗವೇ ಎಂಬ ಬಗ್ಗೆ ನಟ ಚೇತನ್ ಆಡಿದ ಮಾತು ಅದೇ ಅಕ್ಟೋಬರಿನಲ್ಲಿ ಪೊಲೀಸ್ ದೂರಿನವರೆಗೆ ಹೋದದ್ದು ನೆನಪಿರಬಹುದು. ಹಾಡು ಆ ಜಗಳದ ನಡುವೆಯೇ ಊರೂರು ಸುತ್ತಿತು. ಕುಂದಾಪುರದ ಕಡೆ ಈ ವಿಷಯದಲ್ಲಿ ಸಿಟ್ಟು ಕಡಿಮೆ. ಮನೆಯ ನಾಗ, ಊರಿನ ದೇವಸ್ಥಾನ, ಹಾಡಿಯ ದೈವ ಮೂರಕ್ಕೂ ಕೈಮುಗಿದು ಬದುಕಿದವರಿಗೆ ಗೋಡೆಯ ಪ್ರಶ್ನೆ ಅಷ್ಟು ತುರ್ತಿನದಾಗಿ ಕಾಣುವುದಿಲ್ಲ. ಹಾಡಿನ ಸಂಸ್ಕೃತಕ್ಕೆ ನನ್ನದೂ ಒಂದು ಆಕ್ಷೇಪವಿದೆ, ಅದು ಧರ್ಮದ್ದಲ್ಲ, ರುಚಿಯದು: ಸಿನಿಮಾದ ಉದ್ದಕ್ಕೂ ಪಾತ್ರಗಳು ಕರಾವಳಿಯ ಜೀವಂತ ಕನ್ನಡ ಆಡಿ, ಉತ್ಕಟವಾದ ಗಳಿಗೆಯಲ್ಲಿ ಭಾಷೆ ಮಾತ್ರ ಮಡಿ ಉಟ್ಟುಕೊಂಡು ಬರುತ್ತದೆ.

ದೈವದ ಚಾಕರಿ ಮಾಡುವವರ ನೋವು ಇನ್ನೂ ನೇರ. ಹಾಡು ಹಾಕಿಕೊಂಡು, ಮುಖಕ್ಕೆ ಬಣ್ಣ ಬಳಿದು ದರ್ಶನ ಬಂದವರಂತೆ ಕುಣಿಯುವ ರೀಲ್ಸುಗಳು, ಶಾಲಾ ವಾರ್ಷಿಕೋತ್ಸವದ ‘ಕಾಂತಾರ ಡ್ಯಾನ್ಸು’ ಅವರನ್ನು ನೋಯಿಸಿದವು. ದೈವವನ್ನು ಅನುಕರಿಸಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಇಲ್ಲಿ ಗಿಟಾರ್ ಆರೋಪಿಯಲ್ಲ, ಆದರೆ ಪೂರ್ತಿ ಮುಗ್ಧನೂ ಅಲ್ಲ. ಪಾಡ್ದನ ಕೇಳಿ ಯಾರಿಗೂ ರೀಲ್ಸ್ ಮಾಡಬೇಕು ಅನ್ನಿಸುವುದಿಲ್ಲ. ಎದೆಗೆ ಪೆಟ್ಟು ಕೊಡುವ ರಿಫ್ ಕೇಳಿದ ಹುಡುಗನಿಗೆ ಅನ್ನಿಸುತ್ತದೆ. ಗಿಟಾರ್ ಇಲ್ಲದಿದ್ದರೆ ಹಾಡು ಇಷ್ಟು ದೂರ ಹೋಗುತ್ತಿರಲಿಲ್ಲ, ಹೋಗದಿದ್ದರೆ ಈ ನೋವೂ ಆಗುತ್ತಿರಲಿಲ್ಲ.

ಈಗ ನವೆಂಬರಿನ ಆ ಬದಲಿ ಹಾಡಿಗೆ ಬರೋಣ. ಭಕ್ತಿಯ ಸಾಹಿತ್ಯವೇ ಹಾಡಿನ ಜೀವಾಳ ಎಂದವರು ಸರಿಯಾಗಿದ್ದರೆ ಬದಲಿ ಹಾಡು ಗೆಲ್ಲಬೇಕಿತ್ತು, ಸಾಹಿತ್ಯ ಪೂರ್ತಿ ಅಲ್ಲಿಯೇ ಇತ್ತು. ದೃಶ್ಯದ ಬಲ, ರಿಷಬ್ ಅವರ ಅಭಿನಯದ ಬಲ ಎಂದವರು ಸರಿಯಾಗಿದ್ದರೂ ಗೆಲ್ಲಬೇಕಿತ್ತು. ಅದು ಸೋತಿತು. ಹಾಡಿನಲ್ಲಿ ಏನಿಲ್ಲ, ಎಲ್ಲ ಅಬ್ಬರ ಎಂದು ದೂರುತ್ತಿದ್ದ ಕೆಲವರೂ ಮೊದಲಿನದೇ ಅಡ್ಡಿಲ್ಲ ಎಂದರು. ಅಂದರೆ ಜನ ಕಳೆದುಕೊಂಡೆವೆಂದು ಹುಡುಕಿದ್ದು ತಕರಾರಿನಲ್ಲಿದ್ದ ಭಾಗವನ್ನೇ, ರಾಗದ ಮೈಯನ್ನು ಗಿಟಾರಿನ ಪೆಟ್ಟಿನ ಮೇಲೆ ಕೂರಿಸಿದ ಆ ರೀತಿಯನ್ನೇ. ಹಾಡಿನ ಅಭಿಮಾನಿಗಳು ಬೇಡಿಕೆಯಿಟ್ಟು ಮೂಲ ಹಾಡನ್ನು ಮರಳಿ ಕೇಳಿದಾಗ ತೈಕ್ಕುಡಂ ಬ್ರಿಡ್ಜ್ ಪರವಾಗಿ ತಾವು ಸಾಕ್ಷಿ ಹೇಳುತ್ತಿದ್ದೇವೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಆ ಕೂರಿಸುವಿಕೆಯಲ್ಲಿ ‘ನವರಸಂ’ನ ಋಣ ಎಷ್ಟೋ ಅಷ್ಟು ಇದ್ದೇ ಇದೆ ಎಂಬುದು ನನ್ನ ಕಿವಿಯ ಮಾತು, ಕಾನೂನಿನ ಕಣ್ಣಿಗೆ ಅದು ಉಲ್ಲಂಘನೆಯೋ ಎಂಬುದು ಬೇರೆ ಪ್ರಶ್ನೆ. ನಾಗಸ್ವರವನ್ನು ತಂದು, ಕೋಲದ ಏರಿಕೆಗೆ ಸರಿಯಾಗಿ ಅದನ್ನು ಹಬ್ಬಿಸಿ, ಒಂದು ಸಿನಿಮಾದ ಕೊನೆಯನ್ನು ಅದರ ಹೆಗಲಿಗೆ ಹೊರಿಸಿದ್ದು ಅಜನೀಶ್ ಅವರದೇ ಕೆಲಸ. ಎರಡೂ ನಿಜ ಆಗಲು ಅಡ್ಡಿಯಿಲ್ಲ.

ಈ ಋಣದ ಜಗಳಕ್ಕೊಂದು ಪರಿಹಾರ ಇಲ್ಲಿಯ ಹಳೆಯ ಪುಸ್ತಕಗಳಲ್ಲಿಯೇ ಇತ್ತು. ಭಜನೆಯ ಪುಸ್ತಕ, ಕಂಪೆನಿ ನಾಟಕದ ಹಾಡಿನ ಪುಸ್ತಕ ತೆರೆದರೆ ಪದದ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಬರೆದಿರುತ್ತದೆ. ಹಳೆಯ ಧಾಟಿಗೆ ಹೊಸ ಪದ ಹೊಸೆಯುವುದು ಆ ಕವಿಗಳಿಗೆ ನಾಚಿಕೆಯ ವಿಷಯ ಆಗಿರಲಿಲ್ಲ, ಎಲ್ಲಿಂದ ತಂದೆನೆಂದು ಬರೆಯುವುದೂ ಆಗಿರಲಿಲ್ಲ. ಯಕ್ಷಗಾನದಲ್ಲಿ ಒಂದೇ ಮಟ್ಟಿಗೆ ನೂರಾರು ಪದ್ಯಗಳಿವೆ. ಯಾವ ಭಾಗವತರೂ ಇನ್ನೊಬ್ಬರ ಮೇಲೆ ಕೋರ್ಟಿಗೆ ಹೋಗಲಿಲ್ಲ. ಸಿನಿಮಾದಲ್ಲಿ ಹಣದ ಲೆಕ್ಕ ದೊಡ್ಡದು, ಆಡಿಯೋ ಹಕ್ಕು ಕೈಯಿಂದ ಕೈಗೆ ಹೋಗುತ್ತದೆ, ವಕೀಲರ ಸಲಹೆ ಇರುತ್ತದೆ, ಎಲ್ಲ ಒಪ್ಪುವ ಮಾತೇ. ಆದರೂ ಸಿನಿಮಾದ ಮೊದಲಿಗೆ ಕೃತಜ್ಞತೆಗಳ ಉದ್ದ ಪಟ್ಟಿ ಓಡುವಾಗ ಕೇರಳದ ಒಂದು ಬ್ಯಾಂಡಿನ ಹೆಸರಿಗೂ ಜಾಗವಿತ್ತು. ಕೇರಳದ ತೆಯ್ಯಂ ಮತ್ತು ನಮ್ಮ ಕೋಲ ಎರಡನ್ನೂ ನೋಡುತ್ತ ಬೆಳೆದ ಕಾಸರಗೋಡಿನ ಕನ್ನಡಿಗರಿಗೆ ಈ ಜಗಳ ಕರ್ನಾಟಕ–ಕೇರಳ ಮ್ಯಾಚಿನ ಹಾಗೆ ಕಾಣಬೇಕಾದ ಸಂಕಟವಾದರೂ ತಪ್ಪುತ್ತಿತ್ತು.

2025ರ ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ಬಂತು. ಸಂಗೀತ ಮತ್ತೆ ಅಜನೀಶ್ ಅವರದೇ. ಸಿನಿಮಾ ನೋಡಿ ಬಂದವರಿಗೆ ಈ ಕಡೆ ಮೊದಲು ಎದುರಾದ ಪ್ರಶ್ನೆ ಕಥೆಯದ್ದಾಗಿರಲಿಲ್ಲ, ಹಾಡು ಹೆಂಗಿತ್ ಎಂಬುದಾಗಿತ್ತು. ಉತ್ತರಗಳು ಈ ಸಲವೂ ಒಂದೇ ಥರ ಇರಲಿಲ್ಲ. ಆದರೆ ಹೊಗಳಿದವರೂ ತೆಗಳಿದವರೂ ಅಳತೆಗೆ ಹಿಡಿದದ್ದು ಮೂರು ವರ್ಷದ ಹಿಂದಿನ ಹಾಡನ್ನು, ಅದೂ ಗಿಟಾರಿದ್ದ ಮೂಲದ್ದನ್ನು. ನವೆಂಬರಿನ ಬದಲಿ ಹಾಡಿನ ಧಾಟಿ ಗುನುಗಿ ತೋರಿಸಿ ಎಂದರೆ ಅವರಲ್ಲಿ ಒಬ್ಬರಿಗೂ ಬರಲಿಲ್ಲ.